ಒಂದೇ ಹೊಲದಲ್ಲಿ ನೇಗಿಲು ಒಂದು ಕಡೆ ಮೇಲೆ, ಒಂದು ಕಡೆ ಆಳ: ಡ್ರಾಫ್ಟ್ ಲಿವರ್ ತಪ್ಪೋ, ಹೈಡ್ರಾಲಿಕ್ ಕೆಟ್ಟಿದೆಯೋ?

ಮಸಾರಿ_ಹೊಲ (ಜಗಳೂರು):

ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ಟರು ಹಳೇದು, ಫರ್ಗ್ಯೂಸನ್ ವಂಶದ 35 ಎಚ್‌ಪಿ, ಮೂರು ಸಿಲಿಂಡರಿಂದು. ಹಿಂದಿನ ಟೈರು 12.4-28. ಎರಡು ಗುಳದ ಎಂ.ಬಿ. (ಮೋಲ್ಡ್‌ಬೋರ್ಡ್, ಮಣ್ಣು ಮಗುಚೋ) ನೇಗಿಲು. ಹೊಲದ ಮೇಲ್ಭಾಗ ಗರಸು ಬೆರೆತ ಕೆಂಪು ಮಸಾರಿ, ಇಳಿಜಾರಿಗೆ ಬಂದಂಗೆಲ್ಲ ಎರೆ. ಮೆಕ್ಕೆಜೋಳದ ಕೂಳೆ ಮಗುಚಿ ಮಾಗಿ ಉಳುಮೆ ಆಗಬೇಕು, ಆರು ಇಂಚು ಆಳ ಸಾಕು.

ತೊಂದರೆ ಮೂರು. ಡ್ರಾಫ್ಟ್ ಲಿವರನ್ನ ಒಂದೇ ಗುರುತಿಗೆ ಇಟ್ಟು ಹೊಡೆದ್ರೂ ಗರಸಲ್ಲಿ ಮೂರು ಇಂಚಿಗೆ ಮೇಲೆ ಬರುತ್ತೆ, ಎರೇಲಿ ಒಂಬತ್ತು ಇಂಚಿಗೆ ಇಳಿದು ಎಂಜಿನ್ ಉಸಿರು ಕಟ್ಟುತ್ತೆ. ಎರಡನೇದು, ತಿರುವಿನಲ್ಲಿ ನೇಗಿಲು ಎತ್ತಿ ಹಿಡಿದಾಗ ಎಂಜಿನ್ ಓಡ್ತಿರೋ ಹಾಗೇ ನೇಗಿಲು ತಲೆ ಆಡಿಸಿದಂಗೆ ಮೇಲೆ ಕೆಳಗೆ ಕುಣಿಯುತ್ತೆ. ಎಂಜಿನ್ ನಿಲ್ಲಿಸಿದ್ರೆ ಹತ್ತು ನಿಮಿಷದಲ್ಲಿ ನೆಲ ಮುಟ್ಟುತ್ತೆ. ಮೂರನೇದು, ಎರೇಲಿ ಚಕ್ರ ಸುತ್ತೋದು ಜಾಸ್ತಿ.

ಮೆಕ್ಯಾನಿಕ್ಕು ಪಂಪೇ ಹೋಗಿದೆ, ಬದಲಾಯಿಸಿ ಅಂದಿದಾರೆ. ಅಷ್ಟು ಖರ್ಚಿಗೆ ಕೈ ಹಾಕೋ ಮುಂಚೆ ಬಲ್ಲವರ ಮಾತು ಬೇಕು. ಮಳೆಗಾಲದಲ್ಲಿ ಇದೇ ಗಾಡಿ ಮಲೇಬೆನ್ನೂರು ಕಡೆ ಗದ್ದೆ ಕೆಸರಿಗೂ ಹೋಗುತ್ತೆ. ಇನ್ನೊಂದು ಕೇಳಬೇಕಿತ್ತು: ಡ್ರಾಫ್ಟು, ಪೊಸಿಷನ್ನು ಅಂತ ಈ ಎರಡು ಲಿವರ್ ಯಾಕೆ ಇಟ್ರು? ಒಂದಿದ್ರೆ ಸಾಲ್ತಿರಲಿಲ್ವ?

—

ಲಿಫ್ಟ್_ಕವರ್ (ದಾವಣಗೆರೆ):

ಮೊದಲನೆಯದು ಕೆಟ್ಟದ್ದಲ್ಲ ಅಣ್ಣ. ಡ್ರಾಫ್ಟ್ ಲಿವರ್ ತನ್ನ ಕೆಲಸ ತಾನು ಸರಿಯಾಗಿ ಮಾಡುತ್ತಿದೆ. ಅದು ಆಳ ಕಾಯುವ ಲಿವರ್ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ಕಾಯುವುದು ಎಳೆತವನ್ನು, ಅಂದರೆ ಮಣ್ಣು ನೇಗಿಲಿಗೆ ಒಡ್ಡುವ ತಡೆಯನ್ನು. ಇದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು.

ನೇಗಿಲು ಮಣ್ಣಲ್ಲಿ ಓಡುವಾಗ ಕೆಳಗೆ ಗುಳವನ್ನು ಮಣ್ಣು ಹಿಂದಕ್ಕೆ ಒತ್ತುತ್ತದೆ, ಆಗ ನೇಗಿಲಿನ ತಲೆ ಮುಂದಕ್ಕೆ ಬಾಗಲು ನೋಡುತ್ತದೆ. ಆ ಒತ್ತು ಟಾಪ್ ಲಿಂಕ್ (ನೇಗಿಲಿನ ತಲೆಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ದಂಡ) ಹಿಡಿದು ಟ್ರ್ಯಾಕ್ಟರಿನ ಬೆನ್ನಲ್ಲಿರುವ ದಪ್ಪ ಸ್ಪ್ರಿಂಗಿಗೆ ಬಂದು ಮುಟ್ಟುತ್ತದೆ. ಬೇರೆಯವರು ಗಾಡಿ ಓಡಿಸುವಾಗ ಪಕ್ಕದಲ್ಲಿ ದೂರ ಸರಿದು ನಡೆಯುತ್ತ ನೋಡಿ: ಟಾಪ್ ಲಿಂಕಿನ ಪಿನ್ ಕೂತಿರುವ ಕವಲು ಕೆಲವೇ ಮಿಲಿಮೀಟರ್ ಒಳಗೆ ಹೋಗಿ ಹೊರಗೆ ಬರುತ್ತಿರುತ್ತದೆ. ಆ ಕೆಲವು ಮಿಲಿಮೀಟರೇ ಒಳಗಿನ ವಾಲ್ವನ್ನು ಸರಿಸುವುದು. ತಡೆ ಹೆಚ್ಚಾದರೆ ಸ್ಪ್ರಿಂಗ್ ಒತ್ತಿ ವಾಲ್ವ್ ತೆರೆದು ನೇಗಿಲು ಒಂದಿಷ್ಟು ಮೇಲೇಳುತ್ತದೆ. ತಡೆ ಕಡಿಮೆಯಾದರೆ ಕೆಳಗೆ ಇಳಿಯುತ್ತದೆ. ಗರಸಿನಲ್ಲಿ ಮೂರು ಇಂಚಿಗೆ ಬರುವ ತಡೆ, ಮೆತ್ತನೆ ಎರೆಯಲ್ಲಿ ಒಂಬತ್ತು ಇಂಚಿಗೆ ಹೋದಾಗ ಬರುತ್ತದೆ. ಲಿವರಿಗೆ ಎರಡೂ ಒಂದೇ. ಒಂದೇ ತರದ ಮಣ್ಣಿರುವ ಹೊಲದಲ್ಲಿ ಎಳೆತ ಸಮ ಅಂದರೆ ಆಳವೂ ಸಮ. ನಿಮ್ಮಂಥ ಎರಡು ಬಣ್ಣದ ಹೊಲದಲ್ಲಿ ಹಾಗಾಗುವುದಿಲ್ಲ.

ಎರಡು ಲಿವರ್ ಯಾಕೆ ಅಂದಿರಿ. ಇದರ ಹಿಂದೆ ಜೀವ ಹೋದ ಕಥೆಗಳಿವೆ. 1917ರಲ್ಲಿ ಫೋರ್ಡ್‌ಸನ್ ಬಂದಾಗ ಅಗ್ಗದ ಟ್ರ್ಯಾಕ್ಟರ್ ಅಂತ ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ನೇಗಿಲನ್ನು ಬಂಡಿ ಕಟ್ಟಿದಂತೆ ಹಿಂದೆ ಕಟ್ಟಿ ಎಳೆಯಬೇಕಿತ್ತು. ಗುಳ ಬಂಡೆಗೋ ಬೇರಿಗೋ ಸಿಕ್ಕಿ ಹಿಂದಿನ ಚಕ್ರ ನಿಂತುಬಿಟ್ಟರೆ, ಎಂಜಿನ್ನಿನ ತಿರುವುಬಲಕ್ಕೆ ಗಾಡಿಯ ಮೂತಿಯೇ ಮೇಲೆದ್ದು ಓಡಿಸುವವನ ಮೇಲೆ ಮಗುಚುತ್ತಿತ್ತು. ಆ ಯುದ್ಧಕಾಲದಲ್ಲಿ ಐರ್ಲೆಂಡಿನಲ್ಲಿ ಟ್ರ್ಯಾಕ್ಟರ್ ಉಳುಮೆಯ ಸುಧಾರಣೆಯ ಕೆಲಸ ಹ್ಯಾರಿ ಫರ್ಗ್ಯೂಸನ್ ಅವರ ಪಾಲಿಗೆ ಬಂದಿತ್ತು. ನೇಗಿಲು ಬೇರೆ, ಟ್ರ್ಯಾಕ್ಟರ್ ಬೇರೆ ಅಲ್ಲ, ಎರಡೂ ಒಂದೇ ಯಂತ್ರವಾಗಬೇಕು ಅಂತ ಅವರು ವರ್ಷಗಟ್ಟಲೆ ತಿದ್ದಿ ತಿದ್ದಿ ಮೂರು ಬಿಂದುವಿನ ಜೋಡಣೆ ಮತ್ತು ಎಳೆತ ಅರಿಯುವ ಹೈಡ್ರಾಲಿಕ್ ಮಾಡಿದರು. 1936ರಲ್ಲಿ ಅದು ಫರ್ಗ್ಯೂಸನ್-ಬ್ರೌನ್ ಗಾಡಿಯಾಗಿ ಮಾರುಕಟ್ಟೆಗೆ ಬಂತು. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದವಾಗಿ ಮರುವರ್ಷ 9ಎನ್ ಬಂತು. ಆ ಒಪ್ಪಂದ ಮುರಿದ ಮೇಲೆ ನಡೆದ ದಾವೆ 1952ರಲ್ಲಿ 92.5 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ನಡುವೆ 1946ರಿಂದ ಕೋವೆಂಟ್ರಿಯಲ್ಲಿ ತಯಾರಾದ ಟಿಇ-20 ಹತ್ತು ವರ್ಷದಲ್ಲಿ ಐದು ಲಕ್ಷ ದಾಟಿತು. ಎಡ್ಮಂಡ್ ಹಿಲರಿ ತಂಡ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಈ ಟಿಇ-20 ಗಾಡಿಗಳ ಚಕ್ರದ ಸುತ್ತ ಪಟ್ಟಿ ಹಾಕಿಕೊಂಡೇ.

ಆ ಮೊದಲ ಗಾಡಿಗಳಲ್ಲಿ ಒಂದೇ ಲಿವರ್, ಡ್ರಾಫ್ಟ್ ಮಾತ್ರ. ನೇಗಿಲಿಗೆ ಅದು ಸೊಗಸು. ಮಣ್ಣೊಳಗೆ ಎಳೆತವೇ ಇಲ್ಲದ ಸಲಕರಣೆಗಳಿಗೆ, ಅಂದರೆ ಸ್ಪ್ರೇಯರ್, ಲೆವೆಲರ್, ಹುಲ್ಲು ಕೊಯ್ಯುವ ಯಂತ್ರ, ಇವನ್ನು ಇಂತಿಷ್ಟೇ ಎತ್ತರದಲ್ಲಿ ನಿಲ್ಲಿಸಲು ಅದರಿಂದ ಆಗುತ್ತಿರಲಿಲ್ಲ. ಹಾಗಾಗಿ 35ರ ಸರಣಿಯಲ್ಲಿ ಪೊಸಿಷನ್ ಲಿವರ್ ಸೇರಿತು. ಅದು ಎಳೆತ ನೋಡುವುದಿಲ್ಲ, ಲಿವರ್ ಎಲ್ಲಿದೆಯೋ ಲಿಫ್ಟ್ ಅಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಒಂದು ಲಿವರ್ ಕೆಲಸ ಮಾಡುವಾಗ ಇನ್ನೊಂದು ತನಗೆ ಹೇಳಿದ ಗುರುತಿನಲ್ಲಿ ನಿಂತಿರಬೇಕು. ಆ ಗುರುತು ಲಿವರ್ ಪಟ್ಟಿಯ ಮೇಲೆ ಮತ್ತು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಎರಡನ್ನೂ ಅಂದಾಜಿಗೆ ಎಳೆದಾಡಿದರೆ ಯಾವುದೂ ಸರಿಯಾಗಿ ನಡೆಯುವುದಿಲ್ಲ.

ಹಾಗಿದ್ದರೆ ನೇಗಿಲನ್ನೂ ಪೊಸಿಷನ್ನಿನಲ್ಲೇ ಹೊಡೆಯೋಣ ಅನ್ನಬೇಡಿ. ಆಗ ನೇಗಿಲು ಟ್ರ್ಯಾಕ್ಟರಿಗೆ ಬಿಗಿದು ನಿಂತಂತೆ. ಮುಂದಿನ ಚಕ್ರ ಬದುವಿನ ಉಬ್ಬು ಹತ್ತಿದರೆ ಹಿಂದೆ ಗುಳ ಆಳಕ್ಕೆ ಹೂಳುತ್ತದೆ, ಮೂತಿ ತಗ್ಗಿಗೆ ಇಳಿದರೆ ಗುಳ ಮೇಲೇಳುತ್ತದೆ.

ನಿಮ್ಮ ಹೊಲಕ್ಕೆ ಸರಿಯಾದ ದಾರಿ ಆಳದ ಗಾಲಿ. ನೇಗಿಲಿನ ಚೌಕಟ್ಟಿಗೆ ಕೂರಿಸುವ ಸಣ್ಣ ಕಬ್ಬಿಣದ ಗಾಲಿ. ಅದನ್ನು ಆರು ಇಂಚಿಗೆ ಕಟ್ಟಿ, ಡ್ರಾಫ್ಟ್ ಲಿವರನ್ನು ಈಗಿರುವುದಕ್ಕಿಂತ ಒಂದು ಗುರುತು ಆಳಕ್ಕೆ ಇಡಿ. ಎರೆಯಲ್ಲಿ ಗಾಲಿ ನೇಗಿಲನ್ನು ತಡೆಯುತ್ತದೆ, ಗರಸಿನಲ್ಲಿ ಲಿವರ್ ಮೊದಲಿನಷ್ಟು ಬೇಗ ಎತ್ತುವುದಿಲ್ಲ. ಗಾಲಿ ಸಿಗದಿದ್ದರೆ ಕೈಯಲ್ಲೇ ಆಗಬೇಕು: ಗರಸು ಶುರುವಾಗುವ ಕಡೆ ಲಿವರ್ ಒಂದು ಗುರುತು ಕೆಳಗೆ, ಎರೆಗೆ ಇಳಿಯುವಾಗ ಒಂದು ಗುರುತು ಮೇಲೆ.

—

ಗುಳ_ಮೂತಿ (ಹೊಳಲ್ಕೆರೆ):

ಮೇಲಿನ ಉತ್ತರ ಪೂರ್ತಿ ಸರಿ. ಆದರೆ ಗರಸಲ್ಲಿ ಮೂರೇ ಇಂಚು ಅಂದಾಗ ಲಿವರ್ ಮುಟ್ಟೋಕೆ ಮುಂಚೆ ಗುಳ ನೋಡಬೇಕು. ನೇಗಿಲನ್ನ ಬಿಚ್ಚಿ ಮಲಗಿಸಿ. ಗುಳದ ಮೂತಿಯಿಂದ ಲ್ಯಾಂಡ್‌ಸೈಡ್ ಪಟ್ಟಿಯ (ಸಾಲಿನ ಗೋಡೆಗೆ ಒರಗಿ ಓಡೋ ಪಟ್ಟಿ) ಹಿಂಗಾಲಿನವರೆಗೆ ಒಂದು ನೇರ ಕಬ್ಬಿಣದ ಪಟ್ಟಿ ಹಿಡಿಯಿರಿ. ನಡುವೆ, ಗುಳ ಲ್ಯಾಂಡ್‌ಸೈಡನ್ನು ಸೇರುವ ಕಡೆ, ಸುಮಾರು 5 ಮಿ.ಮೀ. ಸಂದು ಕಾಣಬೇಕು. ಅದೇ ನೇಗಿಲನ್ನ ಮಣ್ಣೊಳಗೆ ಎಳೆದುಕೊಳ್ಳೋದು. ಗರಸಲ್ಲಿ ಓಡಿದ ಗುಳದ ಮೂತಿ ಮೊದಲು ಸವೀತದೆ, ಸಂದು ಮುಚ್ಚಿಹೋಗ್ತದೆ, ಆಮೇಲೆ ಎಷ್ಟು ಲಿವರ್ ಇಳಿಸಿದ್ರೂ ನೇಗಿಲು ನೆಲದ ಮೇಲೆ ಜಾರ್ತದೆ. ಕುಲುಮೆಗೆ ಕೊಟ್ಟು ಮೂತಿ ಬಡಿಸಿ, ಇಲ್ಲಾ ಹೊಸ ಗುಳ ಹಾಕಿ. ಎರಡು ಗುಳವನ್ನೂ ಒಟ್ಟಿಗೆ ಬದಲಿಸಿ, ಒಂದು ಹೊಸದು ಒಂದು ಹಳೇದು ಇದ್ರೆ ಸಾಲು ಸಮ ಬರಲ್ಲ.

ನೇಗಿಲು ಮಟ್ಟ ಮಾಡೋದು ಹೊಲದಲ್ಲಿ ಅಲ್ಲ, ಮನೆ ಅಂಗಳದಲ್ಲಿ. ಉಳುವಾಗ ಬಲಗಡೆ ಚಕ್ರಗಳು ಸಾಲಿನೊಳಗೆ, ಎಡಗಡೆಯವು ಉಳದ ನೆಲದ ಮೇಲೆ. ಅದಕ್ಕೆ ಎಡಗಡೆ ಎರಡೂ ಚಕ್ರಗಳ ಅಡಿ ಆರು ಇಂಚು ದಪ್ಪದ ಮರದ ದಿಮ್ಮಿ ಇಟ್ಟು ಹತ್ತಿಸಿ. ನೇಗಿಲು ಇಳಿಸಿ. ಬಲಗಡೆ ಲಿಫ್ಟ್ ರಾಡಿನ (ಕೆಳಗಿನ ತೋಳನ್ನ ಎತ್ತೋ ಸರಳು) ಹಿಡಿಕೆ ತಿರುಗಿಸಿ ಚೌಕಟ್ಟು ಅಡ್ಡಡ್ಡ ಮಟ್ಟ ಮಾಡಿ, ಆಮೇಲೆ ಟಾಪ್ ಲಿಂಕಿನಿಂದ ಉದ್ದುದ್ದ ಮಟ್ಟ ಮಾಡಿ. ಟಾಪ್ ಲಿಂಕ್ ಗಿಡ್ಡವಾದ್ರೆ ಮುಂದಿನ ಗುಳ ಆಳ, ಉದ್ದವಾದ್ರೆ ಹಿಂದಿನದು ಆಳ.

ಪಿನ್ನುಗಳನ್ನೂ ನೋಡಿ. ನಿಮ್ಮದು ಮೊದಲ ವರ್ಗದ ಲಿಂಕೇಜ್ (ಸಣ್ಣ ಗಾಡಿಗಳ ಅಳತೆಯ ಜೋಡಣೆ) ಆದರೆ ಟಾಪ್ ಲಿಂಕ್ ಪಿನ್ 19 ಮಿ.ಮೀ., ಕೆಳಗಿನವು 22 ಮಿ.ಮೀ. ಎರಡನೇ ವರ್ಗದ್ದು 25 ಮತ್ತು 28. ದೊಡ್ಡ ಗಾಡಿಯಿಂದ ಎರವಲು ತಂದ ಟಾಪ್ ಲಿಂಕಿಗೆ 19ರ ಪಿನ್ ಹಾಕಿ ಓಡಿಸೋರಿದಾರೆ. ಆ ಆರು ಮಿಲಿಮೀಟರ್ ಸಡಿಲ ತುಂಬಿದ ಮೇಲಷ್ಟೇ ಸ್ಪ್ರಿಂಗಿಗೆ ಸುದ್ದಿ ಮುಟ್ಟೋದು. ಡ್ರಾಫ್ಟು ತಡವಾಗಿ, ಜಗ್ಗಿ ಜಗ್ಗಿ ಕೆಲಸ ಮಾಡ್ತದೆ. ಬುಷ್ ಹಾಕಿಸಿ.

ಚಕ್ರ ಸುತ್ತೋದನ್ನ ಅಳೆದು ನೋಡಿ, ಕಣ್ಣಂದಾಜು ಬೇಡ. ಹಿಂದಿನ ಟೈರಿಗೆ ಸುಣ್ಣದ ಗೆರೆ ಎಳೀರಿ. ನೇಗಿಲು ಎತ್ತಿಕೊಂಡು ಅದೇ ಹೊಲದಲ್ಲಿ ಚಕ್ರ ಹತ್ತು ಸುತ್ತು ಬರೋವರೆಗೆ ಓಡಿಸಿ ದೂರ ಅಳೀರಿ. 12.4-28ಕ್ಕೆ 38 ಮೀಟರ್ ಹತ್ತಿರ ಬರ್ತದೆ. ಈಗ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. 33 ಮೀಟರ್ ಬಂದ್ರೆ ಐದು ಮೀಟರ್ ಹೋಯ್ತು, ಶೇಕಡ 13 ಜಾರಿಕೆ, ಅದು ಸರಿಯಾದ್ದು. ಶೇಕಡ 15 ದಾಟಿದ್ರೆ ಡೀಸೆಲ್ಲೂ ಟೈರೂ ಮಣ್ಣುಪಾಲು. ಆಗ ಟೈರಿಗೆ ನೀರು ತುಂಬಿಸಿ: ವಾಲ್ವ್ ಮೇಲಕ್ಕೆ ಬರೋ ಹಂಗೆ ಚಕ್ರ ನಿಲ್ಲಿಸಿ, ವಾಲ್ವ್ ಮಟ್ಟಕ್ಕೆ ನೀರು ಬಂದ್ರೆ ಮುಕ್ಕಾಲು ಭಾಗ ತುಂಬಿದಂಗೆ, ಒಂದು ಟೈರಿಗೆ ನೂರೈವತ್ತು ಲೀಟರ್ ಆಸುಪಾಸು ಹಿಡೀತದೆ. ಉಳಿದಿದ್ದು ಗಾಳಿ, ಹೊಲಕ್ಕೆ 12ರಿಂದ 14 ಪಿಎಸ್‌ಐ. ಚಳಿದೇಶದಲ್ಲಿ ನೀರು ಹೆಪ್ಪುಗಟ್ಟಬಾರದು ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸ್ತಾರೆ, ನಮ್ಮ ಕಡೆ ಅದು ಬೇಡವೇ ಬೇಡ, ಡಿಸ್ಕು ತುಕ್ಕು ಹಿಡೀತದೆ.

—

ಮಸಾರಿ_ಹೊಲ (ಜಗಳೂರು):

ಗುಳ ನೋಡಿದೆ, ಪಟ್ಟಿ ಹಿಡಿದ್ರೆ ಸಂದೇ ಇಲ್ಲ. ಅದನ್ನ ಬದಲಿಸ್ತೀನಿ. ತಲೆ ಆಡಿಸೋದಕ್ಕೆ ಪಂಪ್ ಬದಲಿಸಲೇಬೇಕಾ?

—

ಲಿಫ್ಟ್_ಕವರ್ (ದಾವಣಗೆರೆ):

ಪಂಪ್ ಹೋಗಿದ್ದರೆ ಲಕ್ಷಣ ಬೇರೆ. ನೇಗಿಲು ಎತ್ತುವುದೇ ಇಲ್ಲ, ಇಲ್ಲಾ ಉಸಿರು ಬಿಟ್ಟು ಬಿಟ್ಟು ಎತ್ತುತ್ತದೆ, ಎಣ್ಣೆ ಬಿಸಿಯಾದ ಮೇಲೆ ಇನ್ನೂ ಸೋಲುತ್ತದೆ. ನಿಮ್ಮದು ಎತ್ತುತ್ತಿದೆ, ಹಿಡಿದುಕೊಳ್ಳುತ್ತಿಲ್ಲ. ಎಂಜಿನ್ ನಿಂತ ಮೇಲೆ ಇಳಿಯುವುದಕ್ಕೂ ಪಂಪ್ ಎಷ್ಟು ತಳ್ಳುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ. ಎತ್ತಿದ ಎಣ್ಣೆ ಎಲ್ಲೋ ಸೋರಿ ನೇಗಿಲು ತುಸು ಇಳಿಯುತ್ತದೆ. ಪೊಸಿಷನ್ ಲಿಂಕೇಜ್ ಅದನ್ನು ಅರಿತು ವಾಲ್ವ್ ತೆರೆದು ಮತ್ತೆ ಎತ್ತುತ್ತದೆ. ಮತ್ತೆ ಸೋರುತ್ತದೆ, ಮತ್ತೆ ಎತ್ತುತ್ತದೆ. ನೀವು ತಲೆ ಆಡಿಸುವುದು ಅಂದದ್ದು ಇದನ್ನೇ.

ಈ ವಂಶದ ಗಾಡಿಗಳ ಒಂದು ಗುಣ ತಿಳಿದಿರಬೇಕು. ಪಂಪ್ ಹೊರಗಿಲ್ಲ, ಗಾಡಿಯ ಹೊಟ್ಟೆಯೊಳಗೆ ಎಣ್ಣೆಯಲ್ಲೇ ಮುಳುಗಿರುತ್ತದೆ. ಅದನ್ನು ತಿರುಗಿಸುವುದು ಪಿಟಿಒ ಶಾಫ್ಟ್, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಸಲಕರಣೆಗೆ ಕೊಡುವ ಶಾಫ್ಟ್. ಹಳೆಯ ಟಿಇ-20 ಗಾಡಿಗಳಲ್ಲಿ ಪಿಟಿಒ ಲಿವರ್ ನ್ಯೂಟ್ರಲ್ಲಿನಲ್ಲಿದ್ದರೆ ಲಿಫ್ಟ್ ಅಲುಗುವುದಿಲ್ಲ. ಬೇರೆ ಕಂಪನಿ ಗಾಡಿಗಳಿಗೆ ಒಗ್ಗಿದವರು ಇದನ್ನೇ ಪಂಪ್ ಸತ್ತಿದೆ ಅಂದುಬಿಡುತ್ತಾರೆ. ಕಂಟ್ರೋಲ್ ವಾಲ್ವ್ ಪಂಪಿನ ಹೀರುವ ಕಡೆಯಲ್ಲಿದೆ, ಎತ್ತುವ ಕೆಲಸ ಇಲ್ಲದಾಗ ಪಂಪಿಗೆ ಎಣ್ಣೆಯೇ ಹೋಗುವುದಿಲ್ಲ. ಗೇರ್ ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ.

ನಮ್ಮ ರಾಜ್ಯದ ಹೊಲಗಳಲ್ಲಿ ಬೇರೆ ಬೇರೆ ವಂಶ ಒಟ್ಟಿಗೆ ಓಡುತ್ತಿವೆ. 1960ರಲ್ಲಿ ಮದರಾಸಿನಲ್ಲಿ ಶುರುವಾದ ಟಾಫೆ ಫರ್ಗ್ಯೂಸನ್ ಕವಲು, ಮಹೀಂದ್ರ ಬಿ-275 ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕವಲು, ಪಿಂಜೋರಿನ ಎಚ್‌ಎಂಟಿ ಚೆಕ್ ದೇಶದ ಜೆಟರ್ ಕವಲು. 1974ರಲ್ಲಿ ಬಂದ ಸ್ವರಾಜ್ ಮಾತ್ರ ದುರ್ಗಾಪುರದ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ರೂಪಿಸಿದ್ದು, ಅದನ್ನು ನೆನೆದರೆ ಹೆಮ್ಮೆ. ಒಂದರ ಹೈಡ್ರಾಲಿಕ್ ಕಲಿತವರು ಇನ್ನೊಂದರ ಕವರ್ ಬಿಚ್ಚುವ ಮುನ್ನ ಅದರ ಪುಸ್ತಕ ನೋಡಲೇಬೇಕು.

ಈಗ ಹುಡುಕುವ ಕ್ರಮ. ಸಮನೆಲದಲ್ಲಿ ನಿಲ್ಲಿಸಿ, ನೇಗಿಲು ಇಳಿಸಿ, ಎಂಜಿನ್ ಆರಿಸಿ ಡಿಪ್‌ಸ್ಟಿಕ್ ನೋಡಿ. ನೇಗಿಲು ಎತ್ತಿಟ್ಟು ನೋಡಿದರೆ ಮಟ್ಟ ಕಡಿಮೆ ತೋರುತ್ತದೆ. ಎಣ್ಣೆಯ ಬಣ್ಣವನ್ನೂ ನೋಡಿ. ಆಮೇಲೆ ಪಂಪಿನ ಹೀರುವ ಜಾಲರಿ. ಆಮೇಲೆ ಸ್ಪ್ರಿಂಗಿನ ಕವಲು: ನೇಗಿಲು ಕಳಚಿ ಟಾಪ್ ಲಿಂಕ್ ಬಿಚ್ಚಿದ ಮೇಲೆ ಕವಲು ಕೈಯಲ್ಲಿ ತಿರುಗಬೇಕು, ಆದರೆ ಹಿಂದೆ ಮುಂದೆ ಆಡಬಾರದು. ಆಡಿದರೆ ಅದನ್ನು ಬಿಗಿ ಮಾಡಿಸಬೇಕು. ಇದೆಲ್ಲ ಸರಿಯಿದ್ದು ಇನ್ನೂ ಇಳಿಯುತ್ತಿದ್ದರೆ ಮಾತ್ರ ಲಿಫ್ಟ್ ಕವರ್ (ಹೈಡ್ರಾಲಿಕ್ಕಿನ ಮೇಲಿನ ಮುಚ್ಚಳ) ಎತ್ತಬೇಕು. ಅಲ್ಲಿ ಲಿಫ್ಟ್ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಮತ್ತು ಪಂಪಿನಿಂದ ಮೇಲೆ ಬರುವ ನಿಂತ ಪೈಪಿನ ಒ-ರಿಂಗುಗಳು (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು), ಇವೇ ಸಾಮಾನ್ಯ ಕಳ್ಳರು. ಗಟ್ಟಿಯಾಗಿ ಸೀಳಿದ ಒಂದು ಒ-ರಿಂಗಿಗೆ ಇಡೀ ಪಂಪ್ ಬದಲಿಸಿದವರು ಬಹಳ. ಕವರ್ ತುಂಬ ಭಾರ, ಚೈನ್ ಪುಲ್ಲಿ ಇಲ್ಲದೆ ಕೈಯಲ್ಲಿ ಎತ್ತಲು ಹೋಗಬೇಡಿ. ಎತ್ತಿ ನಿಂತ ನೇಗಿಲಿನ ಅಡಿಗೆ ಯಾರೂ ಕೈ ಹಾಕಬಾರದು, ಹತ್ತು ನಿಮಿಷದಲ್ಲಿ ಇಳಿಯುವ ಲಿಫ್ಟ್ ಹತ್ತು ಸೆಕೆಂಡಿನಲ್ಲೂ ಇಳಿಯಬಹುದು.

—

ನಾಲೆ_ಬಯಲು (ಮಲೇಬೆನ್ನೂರು):

ಗದ್ದೆ ಕೆಸರಿಗೆ ಹೋಗೋ ಗಾಡಿ ಅಂದ್ರಲ್ಲ, ಎಣ್ಣೆ ಬಣ್ಣ ಮೊದ್ಲು ನೋಡ್ರಿ. ಭದ್ರಾ ನಾಲೆ ಬಯಲಲ್ಲಿ ಹಳೇ ಗಾಡಿಗಳ ಹೈಡ್ರಾಲಿಕ್ ಹಾಳಾಗೋದು ಬಹುಪಾಲು ನೀರಿಂದ. ಗೇರ್ ಲಿವರಿನ ರಬ್ಬರ್ ಟೋಪಿ ಹರಿದಿರ್ತತಿ, ಪಿಟಿಒ ಶಾಫ್ಟಿನ ಸೀಲ್ ಸವೆದಿರ್ತತಿ, ಡಿಪ್‌ಸ್ಟಿಕ್ ಮುಚ್ಚಳ ಸಡಿಲ ಇರ್ತತಿ. ಎಣ್ಣೆ ಹಾಲು ಬೆರೆಸಿದ ಚಾ ತರ ಕಂಡ್ರೆ ನೀರು ಸೇರೈತಿ ಅಂತಲೇ ಅರ್ಥ.

ಕೆಸರು ಮಾಡೋವಾಗ ಡ್ರಾಫ್ಟ್ ಲಿವರ್ ಮುಟ್ಟಂಗಿಲ್ಲ, ರೋಟವೇಟರಿಗೂ ಪಡ್ಲರಿಗೂ ಪೊಸಿಷನ್ನೇ. ನೀರು ಎರಡರಿಂದ ಮೂರು ಇಂಚು ನಿಂತಿರಲಿ. ಕಡಿಮೆ ಆದ್ರೆ ಕೆಸರು ಗಾಲಿಗೆ ಮೆತ್ತತೈತಿ, ಜಾಸ್ತಿ ಆದ್ರೆ ಹೆಂಟೆ ಕಾಣಂಗಿಲ್ಲ. ನಾಲ್ಕರಿಂದ ಐದು ಇಂಚಿಗಿಂತ ಆಳ ಬ್ಯಾಡ. ಅದರ ಕೆಳಗಿರೋ ಗಟ್ಟಿ ಪದರ ನೀರು ಹಿಡಿಯೋದು, ಗಾಡಿ ಭಾರ ಹೊರೋದು ಎರಡೂ ಅದೇ. ಅದನ್ನ ಒಡೆದ್ರೆ ಮುಂದಿನ ಬೆಳೆಗೆ ಗಾಡಿ ಆಕ್ಸೆಲ್ ಮಟ್ಟ ಹೂಳತೈತಿ. 35 ಎಚ್‌ಪಿಗೆ ಐದು ಅಡಿ ರೋಟವೇಟರ್ ಸಾಕು. ಆರಡಿದು ಎರೆ ಕೆಸರಲ್ಲಿ ಎಂಜಿನ್ ಕಟ್ಟತೈತಿ, ಪಿಟಿಒ 540 ಸುತ್ತು ಹಿಡಿಯಂಗಿಲ್ಲ, ಬ್ಲೇಡು ಮಣ್ಣು ಕತ್ತರಿಸೋ ಬದಲು ಗುದ್ದತೈತಿ. ತಿರುವಲ್ಲಿ ರೋಟವೇಟರ್ ಎತ್ತೋ ಮೊದ್ಲು ಪಿಟಿಒ ಬಿಡಿಸ್ರಿ, ಎತ್ತರದಲ್ಲಿ ತಿರುಗಿಸಿದ್ರೆ ಪಿಟಿಒನ ರೋಟವೇಟರಿಗೆ ಜೋಡಿಸೋ ಕಾರ್ಡನ್ ಶಾಫ್ಟಿನ ಕ್ರಾಸ್ ಮುರೀತೈತಿ.

ಹೂತುಕೊಂಡ್ರೆ ಎಕ್ಸಲರೇಟರ್ ಒತ್ತಬ್ಯಾಡ್ರಿ. ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಿನ ಗೇರಲ್ಲಿ ಎತ್ತೋದಂತೂ ಸಾವಿನ ಕೆಲಸ: ಚಕ್ರ ತಿರುಗದೆ ನಿಂತ್ರೆ ಮೂತಿ ಮೇಲೇಳತೈತಿ, ಮೇಲೆ ಹೇಳಿದ ಫೋರ್ಡ್‌ಸನ್ ತರಾನೇ. ರೋಟವೇಟರ್ ಬಿಚ್ಚಿ, ರಿವರ್ಸಲ್ಲಿ ಬಂದ ದಾರೀಲೇ ಹಿಂದೆ ತೆಗೀರಿ. ಬೇರೆ ಗಾಡಿಯಿಂದ ಎಳೆಸಿದ್ರೆ ಸರಪಳಿ ಡ್ರಾಬಾರಿಗೆ ಮಾತ್ರ. ಟಾಪ್ ಲಿಂಕಿಗೋ ಆಕ್ಸೆಲಿಗೋ ಕಟ್ಟಬಾರದು. ಕೇಜ್‌ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಗಾಲಿ) ಹಾಕ್ಕೊಂಡು ಡಾಂಬರು ರಸ್ತೆ ಮೇಲೆ ಬರಬ್ಯಾಡ್ರಿ, ರಸ್ತೆನೂ ಹೋಗತೈತಿ, ಆಕ್ಸೆಲ್ ಬೇರಿಂಗೂ ಹೋಗತೈತಿ. ದಿನದ ಕೆಲಸ ಮುಗಿದ ಮ್ಯಾಲೆ ಮುಂದಿನ ಹಬ್ಬಿಗೆ ಹೊಸ ಗ್ರೀಸು ತುಂಬಿ ಹಳೇದು ಕೆಸರು ಸಮೇತ ಹೊರಗೆ ಬರೋವರೆಗೆ ಒತ್ರಿ.

—

ಮಸಾರಿ_ಹೊಲ (ಜಗಳೂರು):

ಡಿಪ್‌ಸ್ಟಿಕ್ ತೆಗೆದೆ. ಹೇಳಿದಂಗೇ ಹಾಲು ಚಾ ಬಣ್ಣ. ಗೇರ್ ಲಿವರ್ ಟೋಪಿ ಹರಿದಿದೆ. ಮುಂದೇನು ಮಾಡ್ಲಿ?

—

ಲಿಫ್ಟ್_ಕವರ್ (ದಾವಣಗೆರೆ):

ಗಾಡಿಯನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ. ಬೆಳಿಗ್ಗೆ ಡ್ರೈನ್ ಪ್ಲಗ್ ಸಡಿಲಿಸಿದರೆ ಮೊದಲು ತಳದಲ್ಲಿ ನಿಂತ ನೀರು ಬರುತ್ತದೆ. ಅದು ಹೋಯಿತಲ್ಲ, ಉಳಿದ ಎಣ್ಣೆ ನಡೆಯುತ್ತದೆ ಅನ್ನಬೇಡಿ. ಬಿಳುಪಾದ ಎಣ್ಣೆಯಿಂದ ನೀರು ಪೂರ್ತಿ ಬೇರೆಯಾಗುವುದಿಲ್ಲ, ಎಲ್ಲವನ್ನೂ ಇಳಿಸಿ. ಪ್ಲಗ್ ಒಂದೇ ಇರುವುದಿಲ್ಲ, ಗೇರ್ ಬಾಕ್ಸಿನ ಅಡಿಯದೂ ಹಿಂದಿನ ಆಕ್ಸೆಲಿನ ಅಡಿಯದೂ ತೆಗೆಯಿರಿ. ಜಾಲರಿ ಹೊರಗೆ ತೆಗೆದು ಡೀಸೆಲ್ಲಿನಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸಿ. ಹರಿದಿದ್ದರೆ ಹೊಸದು. ಡೀಸೆಲ್ ತುಂಬಿ ಓಡಿಸಿ ಹೊಟ್ಟೆ ತೊಳೆಯುವ ರೂಢಿ ಇದೆ, ಅದು ಬೇಡ. ಎಣ್ಣೆಯ ಪದರವಿಲ್ಲದೆ ಪಂಪಿನ ಪಿಸ್ಟನ್ ಕೆರೆದುಕೊಳ್ಳುತ್ತದೆ.

ಎಣ್ಣೆ ಹಾಕುವ ಮೊದಲು ಟೋಪಿ ಮತ್ತು ಪಿಟಿಒ ಸೀಲ್ ಬದಲಿಸಿ. ನೀರು ಬರುವ ದಾರಿ ಮುಚ್ಚದೆ ಎಣ್ಣೆ ಸುರಿದರೆ ಅಷ್ಟೂ ಹಣ ಗದ್ದೆಗೆ ಹೋದಂತೆ. ಎಣ್ಣೆ ಸುಮಾರು 30 ಲೀಟರ್ ಬೇಕಾಗುತ್ತದೆ, ಕೊನೆಯ ಮಾತು ಡಿಪ್‌ಸ್ಟಿಕ್ಕಿನದೇ. ಗ್ರೇಡ್ ಪುಸ್ತಕದಲ್ಲಿ ಇರುವುದೇ ಆಗಬೇಕು. ಅಂಗಡಿಯಲ್ಲಿ ಸಿಕ್ಕಿತೆಂದು ಅದಕ್ಕಿಂತ ದಪ್ಪನೆಯ ಗೇರ್ ಎಣ್ಣೆ ಹಾಕಿದರೆ ಬೆಳಗಿನ ತಣ್ಣಗೆ ಪಂಪ್ ಹೀರಲಾರದು.

ತುಂಬಿದ ಮೇಲೆ ನೇಗಿಲು ಕಟ್ಟದೆ ಲಿಫ್ಟನ್ನು ಹತ್ತು ಹದಿನೈದು ಸಲ ಎತ್ತಿ ಇಳಿಸಿ, ಒಳಗಿನ ಗಾಳಿ ಹೋಗಲಿ. ಮತ್ತೆ ಮಟ್ಟ ನೋಡಿ. ಆಮೇಲೆ ನೇಗಿಲು ಕಟ್ಟಿ ಎತ್ತಿ, ಎಂಜಿನ್ ಆರಿಸಿ, ಗುಳದ ಮೂತಿಯಿಂದ ನೆಲಕ್ಕೆ ಎಷ್ಟು ಇಂಚು ಅಂತ ಕೋಲಿನಲ್ಲಿ ಗುರುತು ಮಾಡಿ, ಗಡಿಯಾರ ಹಿಡಿಯಿರಿ. ಮೊದಲಿನ ಹತ್ತು ನಿಮಿಷ ಅರ್ಧ ಗಂಟೆಗೆ ಹೋಗಿ ತಲೆ ಆಡಿಸುವುದು ನಿಂತರೆ ಕವರ್ ಈಗ ಬಿಚ್ಚುವುದು ಬೇಡ. ಹತ್ತೇ ನಿಮಿಷ ಉಳಿದರೆ ಒ-ರಿಂಗುಗಳ ಸೆಟ್ ತಂದಿಟ್ಟುಕೊಂಡು ಕವರ್ ಎತ್ತಿಸಿ. ಇಪ್ಪತ್ತೈದು ಗಂಟೆ ಓಡಿದ ಮೇಲೆ ಜಾಲರಿ ಇನ್ನೊಮ್ಮೆ ತೆಗೆದು ನೋಡಿ, ತಳದಲ್ಲಿ ಅಂಟಿದ್ದ ರಾಡಿ ಹೊಸ ಎಣ್ಣೆಗೆ ಬಿಟ್ಟು ಅಲ್ಲಿ ಬಂದು ಕೂತಿರುತ್ತದೆ.